ತಾಪದ ಕೀಲಿ ಮನೆಯೊಳಗೇ ಇರಲಿ

ವಿದೇಶದಿಂದ ಮಕ್ಕಳು ರಜೆಗೆಂದು ಬಂದಾಗ ಹೈದರಾಬಾದಿನ ಕನ್ನಡ ಮನೆಗಳಲ್ಲಿ ಪೆಟ್ಟಿಗೆಯಿಂದ ಹೊರಬರುವ ವಸ್ತುಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿವೆ. ಒಂದು ಕಾಲಕ್ಕೆ ಕೈಗಡಿಯಾರ, ಕ್ಯಾಮರಾ, ಟೇಪ್ ರೆಕಾರ್ಡರುಗಳು ಬರುತ್ತಿದ್ದವು. ಅನಂತರ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಅಳೆಯುವ ಉಪಕರಣಗಳು ಬಂದವು. ಈಗ ಕೆಲವು ಮನೆಗಳಿಗೆ ಗೋಡೆಗೆ ಕೂರಿಸುವ, ಅಂಗೈಯಗಲದ ಒಂದು ಯಂತ್ರ ಬಂದು ಸೇರುತ್ತಿದೆ. ಅದರ ಹೆಸರು ಸ್ಮಾರ್ಟ್ ಥರ್ಮೋಸ್ಟಾಟ್. ಮನೆಯ ತಾಪವನ್ನು ತಾನೇ ಅಳೆದು, ತಾನೇ ಏರಿಳಿಸಿ, ಬೇಕಾದರೆ ಸಾವಿರಾರು ಮೈಲಿಗಳಾಚೆ ಇರುವವರ ಮೊಬೈಲಿನ ಆಜ್ಞೆಯನ್ನೂ ಪಾಲಿಸುವ ಯಂತ್ರ ಅದು.

"ಅಪ್ಪಾ, ಎರಡು ಏ.ಸಿ., ಎರಡು ಗೀಸರ್, ಹಜಾರದ ಕೂಲರ್ ಎಲ್ಲವನ್ನೂ ಇದೊಂದಕ್ಕೇ ಜೋಡಿಸಿಬಿಡೋಣ. ನೀವು ಗುಂಡಿ ಒತ್ತುವ ಕಷ್ಟವೇ ಬೇಡ. ಅಲ್ಲಿಂದಲೇ ನಾನು ನೋಡಿಕೊಳ್ಳುತ್ತೇನೆ" ಎಂದು ಮಗ ಹೇಳುತ್ತಾನೆ. ಈ ಮಾತಿನ ಹಿಂದಿರುವ ಪ್ರೀತಿಯನ್ನು ಯಾರೂ ಅನುಮಾನಿಸಬೇಕಾಗಿಲ್ಲ. ಎಪ್ಪತ್ತು ದಾಟಿದ ತಂದೆತಾಯಿಗಳನ್ನು ಬೇಸಗೆಯ ನಗರದಲ್ಲಿ ಬಿಟ್ಟು ಹೋಗುವ ಮಗನಿಗೆ ಅಂತಹ ಯೋಚನೆ ಬರುವುದು ಸಹಜವೇ. ಆದರೆ ಈ ಪ್ರಸ್ತಾಪದಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಆ ಯಂತ್ರವನ್ನು ಇಲ್ಲಿಯ ಉಪಕರಣಗಳಿಗೆ ಹಾಗೆ ಜೋಡಿಸಲು ಬರುತ್ತದೆಯೇ ಎಂಬುದು ಮೊದಲನೆಯದು. ಬಂದರೂ, ಮನೆಯ ತಾಪವನ್ನು ನಿರ್ಧರಿಸುವ ಅಧಿಕಾರ ಆ ಮನೆಯಲ್ಲಿ ವಾಸಿಸುವವರ ಕೈಬಿಟ್ಟು ಹೋಗಬಹುದೇ ಎಂಬುದು ಎರಡನೆಯದು. ಮೊದಲನೆಯದು ವಿದ್ಯುತ್ತಿಗೆ ಸಂಬಂಧಿಸಿದ್ದು, ಎರಡನೆಯದು ಆರೋಗ್ಯಕ್ಕೆ ಸಂಬಂಧಿಸಿದ್ದು. ವಿಚಾರಮಾಡಿ ನೋಡಿದರೆ ಎರಡರ ಉತ್ತರವೂ ಒಂದೇ ಕಡೆಗೆ ಕೈತೋರಿಸುತ್ತದೆ.

ಥರ್ಮೋಸ್ಟಾಟ್ ಹೊಸ ವಸ್ತುವೇನೂ ಅಲ್ಲ. ಬಟ್ಟೆಗೆ ಇಸ್ತ್ರಿ ಮಾಡುವ ಪೆಟ್ಟಿಗೆಯಲ್ಲಿ, ಫ್ರಿಜ್ಜಿನಲ್ಲಿ, ಗೀಸರಿನಲ್ಲಿ ಅದು ಬಹುಕಾಲದಿಂದ ಮೌನವಾಗಿ ದುಡಿಯುತ್ತಿದೆ. ಎರಡು ಬೇರೆ ಬೇರೆ ಲೋಹದ ಪಟ್ಟಿಗಳನ್ನು ಬೆಸೆದರೆ, ಕಾವಿಗೆ ಒಂದು ಹೆಚ್ಚು ಹಿಗ್ಗಿ ಇನ್ನೊಂದು ಕಡಿಮೆ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ಆ ಬಾಗುವಿಕೆಯಿಂದಲೇ ವಿದ್ಯುತ್ತು ಕೂಡುವಂತೆಯೂ ಕಡಿಯುವಂತೆಯೂ ಮಾಡಬಹುದು. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್ 1830ರಲ್ಲಿ ಇಂತಹ ಪಟ್ಟಿಯ ಸಾಧನಕ್ಕೆ ಪೇಟೆಂಟ್ ಪಡೆದನು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದ ವಾರೆನ್ ಜಾನ್ಸನ್ 1883ರಲ್ಲಿ ಕೊಠಡಿಯ ತಾಪಕ್ಕೆ ಸಂಬಂಧಿಸಿದ ವಿದ್ಯುತ್ ಸಾಧನವೊಂದಕ್ಕೆ ಪೇಟೆಂಟ್ ಪಡೆದನು. ಆತನ ಸಾಧನ ಮಾಡುತ್ತಿದ್ದ ಕೆಲಸ ಗಮನಿಸತಕ್ಕದ್ದು. ಕೊಠಡಿಯ ತಾಪ ಹೆಚ್ಚು ಕಡಿಮೆಯಾದಾಗ ಅದು ನೆಲಮಾಳಿಗೆಯ ಒಲೆಯ ಬಳಿಯಿದ್ದ ಕೆಲಸಗಾರನಿಗೆ ಗಂಟೆ ಬಾರಿಸಿ ತಿಳಿಸುತ್ತಿತ್ತು. ಗಾಳಿಯ ಬಾಗಿಲನ್ನು ತೆರೆಯುವವನೂ ಮುಚ್ಚುವವನೂ ಆ ಮನುಷ್ಯನೇ. ಎಂದರೆ, ಕೊಠಡಿಯ ವಿದ್ಯುತ್ ಥರ್ಮೋಸ್ಟಾಟ್ ಹುಟ್ಟಿದ್ದು ಮನುಷ್ಯನನ್ನು ಎಚ್ಚರಿಸುವುದಕ್ಕಾಗಿ. ಮನುಷ್ಯನನ್ನು ಬಿಟ್ಟು ತಾನೇ ಎಲ್ಲವನ್ನೂ ಮಾಡುವ ಅಭ್ಯಾಸ ಅದಕ್ಕೆ ಆಮೇಲೆ ಬಂದಿತು.

ಶೀತದೇಶಗಳ ಮನೆಗಳಲ್ಲಿ ಈ ಯಂತ್ರದ ಸ್ಥಾನವೇ ಬೇರೆ. ಅಲ್ಲಿ ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡಲು ನೆಲಮಾಳಿಗೆಯಲ್ಲಿ ಅನಿಲದ ಕುಲುಮೆ ಇರುತ್ತದೆ, ಇಲ್ಲವೇ ಬಿಸಿನೀರಿನ ಬಾಯ್ಲರ್ ಇರುತ್ತದೆ. ಈಚೆಗೆ ಹೀಟ್ ಪಂಪ್ ಎಂಬ ಯಂತ್ರವೂ ಜತೆಗೂಡುತ್ತಿದೆ. ಅಮೆರಿಕದ ಮನೆಗಳಲ್ಲಿ ಗೋಡೆಯ ಥರ್ಮೋಸ್ಟಾಟಿನಿಂದ ಕುಲುಮೆಗೆ ಹೋಗುವ ತಂತಿಗಳು ತೆಳುವಾದವು, ಅವುಗಳಲ್ಲಿ ಹರಿಯುವುದು ಕೇವಲ 24 ವೋಲ್ಟ್. ಆ ತಂತಿಗಳು ಹೊತ್ತೊಯ್ಯುವುದು ಶಕ್ತಿಯನ್ನಲ್ಲ, ಸುದ್ದಿಯನ್ನು. "ಈಗ ಹೊತ್ತಿಸು", "ಈಗ ಆರಿಸು" ಎಂಬಷ್ಟೇ ಸುದ್ದಿ. ಒಂದೇ ಮನೆಯಲ್ಲಿ ಎರಡು ತಾಪನ ವ್ಯವಸ್ಥೆಗಳಿದ್ದರೆ ಒಂದೊಂದಕ್ಕೂ ತನ್ನದೇ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅವೆರಡರ ತಂತಿಗಳನ್ನು ನೇರವಾಗಿ ಒಂದುಗೂಡಿಸಿದರೆ ಟ್ರಾನ್ಸ್‌ಫಾರ್ಮರುಗಳು ಸುಟ್ಟುಹೋಗಬಹುದು. ಆದುದರಿಂದ ಬಲ್ಲ ಕೆಲಸಗಾರರು ನಡುವೆ ರಿಲೇಯನ್ನಿಟ್ಟು, ಒಂದು ಥರ್ಮೋಸ್ಟಾಟಿನ ಮಾತು ಎರಡು ವ್ಯವಸ್ಥೆಗಳಿಗೂ ತಲುಪುವಂತೆ, ಆದರೆ ಒಂದರ ವಿದ್ಯುತ್ತು ಇನ್ನೊಂದಕ್ಕೆ ಸೋಂಕದಂತೆ ಮಾಡುತ್ತಾರೆ. ಒಂದೇ ಆಜ್ಞೆ, ಆದರೆ ಪ್ರತಿಯೊಂದಕ್ಕೂ ಪ್ರತ್ಯೇಕ ರಕ್ಷಣೆ. ಅನೇಕ ಉಪಕರಣಗಳನ್ನು ಒಂದು ನಿಯಂತ್ರಕಕ್ಕೆ ಜೋಡಿಸುವ ವಿದ್ಯೆಯ ಸಾರವೆಲ್ಲ ಇಷ್ಟೇ.

ಈ ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡು ಹೈದರಾಬಾದಿನ ಮನೆಯ ಕಡೆಗೆ ತಿರುಗಿದರೆ ವ್ಯತ್ಯಾಸ ತಾನಾಗಿ ಗೋಚರಿಸುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 540 ಮೀಟರ್ ಎತ್ತರದ ದಖನ್ ಪ್ರಸ್ಥಭೂಮಿಯ ಮೇಲಿರುವ ಈ ಊರಿನಲ್ಲಿ ಡಿಸೆಂಬರಿನ ಕೆಲವು ರಾತ್ರಿಗಳು ನಡುಕ ಹುಟ್ಟಿಸಿದರೂ ಮನೆಯನ್ನೇ ಕಾಯಿಸುವ ಅಗತ್ಯ ಬೀಳುವುದಿಲ್ಲ. ಇಲ್ಲಿ ಕಾಯಬೇಕಾದದ್ದು ಸ್ನಾನದ ನೀರು, ತಣಿಯಬೇಕಾದದ್ದು ಕೊಠಡಿ. 2 ಕಿಲೋವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪೇರ್ ವಿದ್ಯುತ್ತನ್ನು ಎಳೆಯುತ್ತದೆ. ವಿದೇಶದಿಂದ ಬಂದ, 24 ವೋಲ್ಟಿನ ಸುದ್ದಿಗಾಗಿ ರಚಿತವಾದ ಯಂತ್ರವನ್ನು ಆ ತಂತಿಗೆ ನೇರವಾಗಿ ಕಟ್ಟಿದರೆ ಯಂತ್ರ ಸುಡುತ್ತದೆ. ಗೋಡೆಯಲ್ಲಿ ಬೆಂಕಿ ಕಾಣಿಸಿಕೊಳ್ಳುವ ಸಂಭವವೂ ಇಲ್ಲದಿಲ್ಲ. ಇನ್ನು ಸ್ಪ್ಲಿಟ್ ಏ.ಸಿ.ಯ ಮಾತು. ಇಲ್ಲಿಯ ಮನೆಗಳಲ್ಲಿರುವ ಸಾಮಾನ್ಯ ಏ.ಸಿ.ಗೆ ಗೋಡೆಯ ಥರ್ಮೋಸ್ಟಾಟಿನ ತಂತಿಯನ್ನು ಜೋಡಿಸುವ ಸ್ಥಳವೇ ಇರುವುದಿಲ್ಲ. ಅದು ಕೇಳುವುದು ರಿಮೋಟಿನ ಕಣ್ಣಿಗೆ ಕಾಣದ ಬೆಳಕಿನ ಭಾಷೆಯನ್ನು ಮಾತ್ರ.

ಹಾಗಾದರೆ ಮಾರ್ಗವೇ ಇಲ್ಲವೆಂದಲ್ಲ. ಗೀಸರಿಗೆ ಪ್ರತ್ಯೇಕ ಎಂ.ಸಿ.ಬಿ. ಇದ್ದು, ಭಾರವನ್ನು ಹೊರಬಲ್ಲ ಕಾಂಟ್ಯಾಕ್ಟರನ್ನು ನಡುವೆ ಇಟ್ಟು, ನಿಯಂತ್ರಕವು ಆ ಕಾಂಟ್ಯಾಕ್ಟರಿಗೆ ಮಾತ್ರ ಆಜ್ಞೆ ಕೊಡುವಂತೆ ಮಾಡಬಹುದು. ಆದರೆ ಗೀಸರಿನೊಳಗಿರುವ ಅದರದೇ ಥರ್ಮೋಸ್ಟಾಟನ್ನೂ, ನೀರು ಮಿತಿಮೀರಿ ಕಾದಾಗ ವಿದ್ಯುತ್ತನ್ನು ಕಡಿಯುವ ರಕ್ಷಕ ಸಾಧನವನ್ನೂ ಯಾವ ಕಾರಣಕ್ಕೂ ತಪ್ಪಿಸಕೂಡದು. ಹೊರಗಿನ ಬುದ್ಧಿವಂತ ಯಂತ್ರ ಕೆಟ್ಟಾಗ ಒಳಗಿನ ಸಾಮಾನ್ಯ ಲೋಹದ ಪಟ್ಟಿಯೇ ಪ್ರಾಣವನ್ನು ಉಳಿಸತಕ್ಕದ್ದು. ಏ.ಸಿ.ಗೆ ರಿಮೋಟಿನ ಭಾಷೆಯನ್ನೇ ನುಡಿಯುವ ಚಿಕ್ಕ ಪೆಟ್ಟಿಗೆಗಳು ದೊರೆಯುತ್ತವೆ, ಹೊಸ ಏ.ಸಿ.ಗಳಲ್ಲಿ ವೈಫೈ ಸೌಕರ್ಯ ಒಳಗೇ ಇರುವುದೂ ಉಂಟು. ರಿಲೇಯ ಮೂಲಕ ಏ.ಸಿ.ಯ ವಿದ್ಯುತ್ತನ್ನು ಪದೇ ಪದೇ ಕಡಿಯುವುದು ಮಾತ್ರ ಸರ್ವಥಾ ಕೂಡದು. ನಿಂತ ಕಂಪ್ರೆಸರಿಗೆ ಮತ್ತೆ ಹೊರಡುವ ಮುನ್ನ ಸುಮಾರು ಮೂರು ನಿಮಿಷಗಳ ವಿಶ್ರಾಂತಿ ಬೇಕು. ಇವೆಲ್ಲಕ್ಕೂ ಮೊದಲು ಮನೆಯ ಅರ್ಥಿಂಗ್ ಸರಿಯಾಗಿರಬೇಕು, 30 ಮಿಲಿಆಂಪೇರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಇರಬೇಕು. ತಗಡಿನ ಮೈಯ ಕೂಲರಿಗೆ ನೀರು ತುಂಬಿಸುವಾಗ ಶಾಕ್ ಹೊಡೆದು ಜೀವ ಹೋದ ವಾರ್ತೆಗಳನ್ನು ಬೇಸಗೆಯ ಪತ್ರಿಕೆಗಳಲ್ಲಿ ಓದದವರು ವಿರಳ. ಅರ್ಥಿಂಗ್ ಇಲ್ಲದ ಕೂಲರ್ ದೂರದ ಮೊಬೈಲಿನ ಆಜ್ಞೆಗೆ ತಾನಾಗಿ ಚಾಲೂ ಆಗುವ ಸ್ಥಿತಿಯಲ್ಲಿ, ತಾಯಿಯೊಬ್ಬರು ಒದ್ದೆಗೈಯಿಂದ ಅದನ್ನು ಒರೆಸುತ್ತಿರುವ ದೃಶ್ಯವನ್ನು ಒಮ್ಮೆ ಕಲ್ಪಿಸಿಕೊಂಡರೆ ಸಾಕು. ಮುಂದಿನ ಮಾತು ಬೇಕಾಗುವುದಿಲ್ಲ.

ಕೂಲರನ್ನೂ ಏ.ಸಿ.ಯನ್ನೂ ಒಂದೇ ಥರ್ಮೋಸ್ಟಾಟಿನ ಅಂಕೆಗೆ ಒಪ್ಪಿಸುವುದರಲ್ಲಿ ಇನ್ನೊಂದು ದೋಷವಿದೆ. ಕೂಲರ್ ಗಾಳಿಗೆ ತೇವವನ್ನು ಸೇರಿಸಿ ತಣಿಸುತ್ತದೆ, ಏ.ಸಿ. ಗಾಳಿಯಿಂದ ತೇವವನ್ನು ತೆಗೆಯುತ್ತದೆ. ಕೂಲರಿಗೆ ತೆರೆದ ಕಿಟಕಿ ಬೇಕು, ಏ.ಸಿ.ಗೆ ಮುಚ್ಚಿದ ಕಿಟಕಿ ಬೇಕು. ಏಪ್ರಿಲಿನ ಒಣಬಿಸಿಲಿನಲ್ಲಿ ಅಮೃತಪ್ರಾಯವಾಗುವ ಕೂಲರ್ ಮಳೆಗಾಲದ ತೇವದಲ್ಲಿ ಬೆವರು ಆರದಂತೆ ಮಾಡಿ ಉಸಿರುಗಟ್ಟಿಸುತ್ತದೆ. ತಾಪವನ್ನು ಮಾತ್ರ ಓದಬಲ್ಲ ಯಂತ್ರಕ್ಕೆ ಈ ಭೇದ ತಿಳಿಯದು. ಕಿಟಕಿ ತೆರೆದಿದೆಯೇ, ಕೂಲರಿನಲ್ಲಿ ನೀರಿದೆಯೇ ಎಂಬುದನ್ನು ಮನೆಯಲ್ಲಿರುವವರೇ ಎದ್ದು ನೋಡಬೇಕು.

ಆರೋಗ್ಯದ ವಿಚಾರ ಇದಕ್ಕಿಂತ ಗಂಭೀರವಾದುದು. ಮನುಷ್ಯನ ದೇಹ ತನ್ನ ತಾಪವನ್ನು 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕಾಯ್ದುಕೊಳ್ಳುತ್ತದೆ. ಬೆವರು ಮತ್ತು ಚರ್ಮದ ರಕ್ತಸಂಚಾರಗಳೇ ದೇಹದ ಥರ್ಮೋಸ್ಟಾಟಿನ ಸಾಧನಗಳು. ವಯಸ್ಸಾದಂತೆ ಬೆವರುವ ಶಕ್ತಿ ಕುಗ್ಗುತ್ತದೆ, ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರವರ್ಧಕ ಮಾತ್ರೆಗಳನ್ನು ತೆಗೆದುಕೊಳ್ಳುವವರ ದೇಹದಲ್ಲಿ ನೀರಿನ ಸಂಗ್ರಹವೇ ಕಡಿಮೆ. "ಕಲಬುರ್ಗಿ, ರಾಯಚೂರುಗಳ ಬಿಸಿಲು ಕಂಡವರಿಗೆ ಇಲ್ಲಿಯ ಸೆಕೆ ಯಾವ ಲೆಕ್ಕ?" ಎಂದು ಹಿರಿಯರು ಹೇಳುವುದುಂಟು. ಬಿಸಿಲಿಗೆ ದೇಹ ಒಗ್ಗಿಕೊಳ್ಳುವುದು ನಿಜವೇ. ಆದರೆ ಮೂವತ್ತರ ವಯಸ್ಸಿನಲ್ಲಿ ಒಗ್ಗಿದ ದೇಹ ಎಪ್ಪತ್ತೈದರಲ್ಲಿ ಅದೇ ದೇಹವಲ್ಲ. 2015ರ ಮೇ ತಿಂಗಳ ಬಿಸಿಗಾಳಿಗೆ ಭಾರತದಲ್ಲಿ ಎರಡು ಸಾವಿರಕ್ಕೂ ಮೀರಿ ಜನರು ಬಲಿಯಾದರು. ಅವರಲ್ಲಿ ಬಹುಪಾಲು ಆಂಧ್ರಪ್ರದೇಶ ಮತ್ತು ತೆಲಂಗಾಣದವರು.

ಬಿಸಿಗಾಳಿಯ ದಿನಗಳಲ್ಲಿ ಕೊಠಡಿಯ ತಾಪವನ್ನು ಹಗಲು 32 ಡಿಗ್ರಿಗೂ ರಾತ್ರಿ 24 ಡಿಗ್ರಿಗೂ ಮೀರದಂತೆ ಇಡಲು ಪ್ರಯತ್ನಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡುತ್ತದೆ. ಗಾಳಿಯ ತಾಪ 40 ಡಿಗ್ರಿಯನ್ನು ದಾಟಿದರೆ ಫ್ಯಾನು ದೇಹವನ್ನು ತಣಿಸುವ ಬದಲು ಕಾಯಿಸುತ್ತದೆ ಎಂಬ ಎಚ್ಚರಿಕೆಯನ್ನೂ ಅದು ಕೊಟ್ಟಿದೆ. ಭಾರತದಲ್ಲಿ 2020ರ ಜನವರಿ 1ರಿಂದ, ನಕ್ಷತ್ರಾಂಕ ಪಡೆದ ಕೊಠಡಿ ಏ.ಸಿ.ಗಳು ಚಾಲೂ ಮಾಡಿದೊಡನೆ 24 ಡಿಗ್ರಿಯಲ್ಲಿ ನಿಲ್ಲುವಂತೆ ನಿಯಮವಾಗಿದೆ. ಬೇಕಾದರೆ ಅಲ್ಲಿಂದ ಏರಿಸಬಹುದು, ಇಳಿಸಬಹುದು. ಮುದುಕರಿಗೆ 26 ಅಥವಾ 27 ಡಿಗ್ರಿಯಲ್ಲಿಟ್ಟು ಮೆಲ್ಲನೆ ಫ್ಯಾನು ಹಾಕಿಕೊಂಡರೂ ಹಿತವೆನಿಸೀತು. ಆ ಹಿತ ಎಷ್ಟು ಡಿಗ್ರಿಯಲ್ಲಿದೆ ಎಂಬುದು ಸಂಧಿವಾತವಿರುವ ತಾಯಿಗೆ ಒಂದು ಬಗೆ, ದಪ್ಪ ಮೈಯ ತಂದೆಗೆ ಇನ್ನೊಂದು ಬಗೆ. ಅದನ್ನು ಹೇಳಬಲ್ಲವರು ಅವರೇ ಹೊರತು ಗೋಡೆಯ ಮೇಲಿನ ಅಂಕಿಯಲ್ಲ.

ಗೀಸರಿನ ವಿಷಯವೂ ಅಷ್ಟೇ ಸೂಕ್ಷ್ಮ. ಸಂಗ್ರಹಿಸಿಟ್ಟ ಬೆಚ್ಚನೆಯ ನೀರಿನಲ್ಲಿ ಲೀಜಿಯೊನೆಲ್ಲ ಎಂಬ ರೋಗಾಣು ಬೆಳೆಯಬಹುದಾದ್ದರಿಂದ ತೊಟ್ಟಿಯ ನೀರನ್ನು 60 ಡಿಗ್ರಿಗೆ ಕಾಯಿಸುವುದು ಕ್ಷೇಮ. ಆದರೆ 60 ಡಿಗ್ರಿಯ ನೀರು ಸುಮಾರು ಐದು ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲುದು. ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟದ್ದು ತಿಳಿಯುವುದೇ ಆಮೇಲೆ. ಆದುದರಿಂದ ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು, ಕೊನೆಗೆ ಮೊಣಕೈ ಅದ್ದಿ ಪರೀಕ್ಷೆ ಎಂಬ ಅಜ್ಜಿಯರ ಕ್ರಮವೇ ಈಗಲೂ ಶ್ರೇಯಸ್ಕರ. ಗ್ಯಾಸ್ ಗೀಸರನ್ನಂತೂ ಯಾವ ದೂರನಿಯಂತ್ರಣಕ್ಕೂ ಒಪ್ಪಿಸಕೂಡದು. ಗಾಳಿಯಾಡದ ಸ್ನಾನದ ಮನೆಯಲ್ಲಿ ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಜಾಗ ಸ್ನಾನದ ಮನೆಯ ಹೊರಗೇ.

ಇಷ್ಟನ್ನೂ ಒಪ್ಪಿದವರು ಕೇಳಬಹುದಾದ ಪ್ರಶ್ನೆಯೊಂದಿದೆ. ತಂದೆತಾಯಿಗಳಿಗೆ ಮರೆವು ಬಂದಿದ್ದರೆ? ಬಿಲ್ಲಿನ ಭಯದಿಂದ ಏ.ಸಿ.ಯನ್ನು ಆರಿಸಿ ಬೆವರುತ್ತ ಕುಳಿತಿದ್ದರೆ? ದೂರದ ಮಗನಿಗೆ ತಿಳಿಯುವುದು ಬೇಡವೇ? ಖಂಡಿತವಾಗಿಯೂ ತಿಳಿಯಬೇಕು. ಕೊಠಡಿಯ ತಾಪ 32 ಡಿಗ್ರಿಯನ್ನು ಮೀರಿದರೆ ಮಗನ ಮೊಬೈಲು ಗಂಟೆ ಬಾರಿಸಲಿ. ಅದು ಜಾನ್ಸನ್ನನ ಗಂಟೆಯೇ, ಅದರ ದಾರಿ ಮಾತ್ರ ಉದ್ದವಾಗಿದೆ. ಆದರೆ ಗಂಟೆ ಕೇಳಿದ ಮಗ ಮಾಡಬೇಕಾದದ್ದು ಯಂತ್ರಕ್ಕೆ ಆಜ್ಞೆ ಕೊಡುವುದಲ್ಲ, "ಅಮ್ಮಾ, ಸೆಕೆಯಾಗುತ್ತಿದೆಯೇ? ನೀರು ಕುಡಿದಿರಾ?" ಎಂದು ಕರೆಮಾಡಿ ಕೇಳುವುದು. ಸೂಚನೆ ದೂರಕ್ಕೆ ಹೋಗಲಿ, ಆಜ್ಞೆ ಮನೆಯಲ್ಲೇ ಉಳಿಯಲಿ. ಮರೆವಿನ ಕಾಯಿಲೆ ಇರುವಲ್ಲಿ ಆಜ್ಞೆ ಹತ್ತಿರದ ಬಂಧುವಿಗೋ ನಂಬಿಕೆಯ ನೆರೆಯವರಿಗೋ ಸಲ್ಲಲಿ. ಏಕೆಂದರೆ ಹೈದರಾಬಾದಿನಲ್ಲಿ ಬೇಸಗೆಯ ಮಧ್ಯಾಹ್ನ ಎರಡು ಗಂಟೆಗೆ ಬಿಸಿಲು ಉರಿಯುವಾಗ ನ್ಯೂಜೆರ್ಸಿಯಲ್ಲಿ ಬೆಳಗಿನ ಜಾವ ನಾಲ್ಕೂವರೆ. ಅತ್ಯಂತ ಎಚ್ಚರದಿಂದಿರಬೇಕಾದ ಹೊತ್ತಿನಲ್ಲಿ ಕಾವಲುಗಾರ ಗಾಢನಿದ್ರೆಯಲ್ಲಿರುತ್ತಾನೆ. ಕರೆಂಟು ಹೋದರೆ, ಇಂಟರ್‌ನೆಟ್ ಕಡಿದರೆ, ಆತ ಎಚ್ಚರವಿದ್ದೂ ಕುರುಡನೇ.

ಅಧಿಕಾರದ ಮಾತಿನಲ್ಲಿ ಮಾನದ ಮಾತೂ ಸೇರಿದೆ. ಜೀವನವೆಲ್ಲ ಸಂಸಾರವನ್ನು ನಡೆಸಿದ ವ್ಯಕ್ತಿ ತನ್ನ ಮಲಗುವ ಕೊಠಡಿಯಲ್ಲಿ ಎಷ್ಟು ತಂಪಿರಬೇಕೆಂಬುದನ್ನು ತಾನು ನಿರ್ಧರಿಸಲಾರದಂತಾದರೆ ಆ ಮನೆ ಅವರದಾಗಿ ಉಳಿಯುವುದಿಲ್ಲ. ನಡುರಾತ್ರಿ ತಾನಾಗಿ ನಿಂತ ಏ.ಸಿ.ಯ ಕೆಳಗೆ, ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಕುಳಿತ ವೃದ್ಧರ ಅಸಹಾಯಕತೆ ಸೆಕೆಗಿಂತ ಹೆಚ್ಚು ಬಳಲಿಸುತ್ತದೆ. ಆದುದರಿಂದ ಎಂತಹ ಜಾಣ ಯಂತ್ರವನ್ನು ಜೋಡಿಸಿದರೂ ಪ್ರತಿಯೊಂದು ಉಪಕರಣಕ್ಕೂ ಕೈಗೆಟಕುವ ಎತ್ತರದಲ್ಲಿ ಸಾಮಾನ್ಯ ಸ್ವಿಚ್ ಇರಲೇಬೇಕು. ಅದರ ಮೇಲೆ ದಪ್ಪಕ್ಷರಗಳಲ್ಲಿ ಕನ್ನಡದಲ್ಲಿ ಹೆಸರು ಬರೆದಿರಬೇಕು. ಯಂತ್ರ ಕೆಟ್ಟರೆ ಗೀಸರ್ ಆರಿದ ಸ್ಥಿತಿಯಲ್ಲಿಯೇ ನಿಲ್ಲಬೇಕು, ಏ.ಸಿ. ಮಾತ್ರ ಕೈಯಿಂದ ನಡೆಯುವಂತಿರಬೇಕು. ಕಾಯಿಸುವುದು ತಪ್ಪಿದರೆ ಸ್ನಾನ ತಡವಾದೀತು ಅಷ್ಟೆ, ತಣಿಸುವುದು ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಯಂತ್ರಕ್ಕೆ ಹಣ ಸುರಿಯುವ ಮುನ್ನ ಮನೆಯನ್ನೇ ಒಮ್ಮೆ ನೋಡಬೇಕಾದದ್ದೂ ಉಂಟು. ದಖನ್ನಿನ ಹಳೆಯ ಮನೆಗಳ ದಪ್ಪನೆಯ ಕಲ್ಲುಗಾರೆಯ ಗೋಡೆ, ಎತ್ತರದ ಸೂರು, ನೀರು ಚಿಮುಕಿಸಿದ ಲಾವಂಚದ ತಟ್ಟಿ ಇವೆಲ್ಲ ತಂತಿಯಿಲ್ಲದ ತಾಪನಿಯಂತ್ರಕಗಳಾಗಿದ್ದವು. ಇಂದಿನ ಕಾಂಕ್ರೀಟ್ ಮಾಳಿಗೆಯ ಮೇಲಂತಸ್ತು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಕಾರುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಮಾಳಿಗೆಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಬಿಸಿಲನ್ನು ಹಿಂದಕ್ಕೆಸೆಯುವ ಬಿಳಿಯ ಬಣ್ಣವನ್ನೋ ಹೆಂಚನ್ನೋ ಮಾಳಿಗೆಯ ಮೇಲೆ ಹಾಸಿದರೆ ಕೆಳಗಿನ ಕೊಠಡಿಯ ಕಾವು ತಾನಾಗಿ ಇಳಿಯುತ್ತದೆ. ಈ ಉಪಾಯಕ್ಕೆ ಇಂಟರ್‌ನೆಟ್ ಬೇಡ, ಕರೆಂಟು ಹೋದರೂ ಅದು ಕೆಲಸ ನಿಲ್ಲಿಸುವುದಿಲ್ಲ.

ಕೊನೆಯದಾಗಿ ಕನ್ನಡ ಸಂಘಗಳ ಕರ್ತವ್ಯವನ್ನು ಕುರಿತು ಒಂದು ಮಾತು. 1956ರ ನವೆಂಬರ್ 1ರ ವರೆಗೆ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಓದಿಗೂ ನೌಕರಿಗೂ ಈ ನಗರಕ್ಕೆ ಬಂದ ಕನ್ನಡಿಗರಿಗೆ ಕಾಚಿಗುಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರಗಳು ಕೂಡುವ ಠಾವುಗಳಾದವು. ಸಮೀಪದಲ್ಲಿ ವಾಸಿಸಿದವರಿಗೆ ಒಬ್ಬರ ಮನೆಯ ಕದ ಮಧ್ಯಾಹ್ನದವರೆಗೆ ತೆರೆಯದಿದ್ದರೆ ಇನ್ನೊಬ್ಬರು ಹೋಗಿ ತಟ್ಟುವುದು ಸುಲಭವಾಗಿತ್ತು. ಇಂದು ಕುಕಟ್‌ಪಲ್ಲಿ, ಮಿಯಾಪುರ, ಗಚ್ಚಿಬೌಲಿಗಳ ಎತ್ತರದ ಕಟ್ಟಡಗಳಲ್ಲಿ ಕನ್ನಡ ಕುಟುಂಬಗಳು ಚದುರಿಹೋಗಿವೆ. ಕದ ತಟ್ಟುವವರ ಜಾಗಕ್ಕೆ ಗೋಡೆಯ ಯಂತ್ರ ಬಂದು ನಿಲ್ಲುತ್ತಿದೆ. ರಾಜ್ಯೋತ್ಸವವನ್ನೂ ಯುಗಾದಿಯನ್ನೂ ಸಂಭ್ರಮದಿಂದ ನಡೆಸುವ ಸಂಘಗಳು ಬೇಸಗೆಗೂ ಒಂದು ಕಾರ್ಯಕ್ರಮವನ್ನು ಇಟ್ಟುಕೊಳ್ಳಬಹುದು. ಒಂಟಿಯಾಗಿರುವ ಹಿರಿಯ ಸದಸ್ಯರ ಪಟ್ಟಿಯೊಂದನ್ನು ಮಾರ್ಚಿಯಲ್ಲೇ ಸಿದ್ಧಪಡಿಸಿ, ಏಪ್ರಿಲ್‌ನಿಂದ ಜೂನ್ ವರೆಗೆ ಪ್ರತಿದಿನ ಮಧ್ಯಾಹ್ನ ಅವರಿಗೆ ಒಂದು ಕರೆ ಮಾಡುವ ಸ್ವಯಂಸೇವಕರನ್ನು ಗೊತ್ತುಮಾಡಬಹುದು. ಸದಸ್ಯರಲ್ಲಿಯೇ ಇರುವ ಇಂಜಿನಿಯರುಗಳ ನೆರವಿನಿಂದ, ಅನುಭವಿ ವಿದ್ಯುತ್ ಕೆಲಸಗಾರರನ್ನು ಕರೆಸಿ ಹಿರಿಯರ ಮನೆಗಳ ಅರ್ಥಿಂಗ್, ಕೂಲರ್, ಗೀಸರ್‌ಗಳನ್ನು ಪರೀಕ್ಷಿಸಿಕೊಡಬಹುದು. ಇದಕ್ಕೆ ಬೇಕಾದ ಹಣ ಅಲ್ಪ, ಬೇಕಾದ ಮನಸ್ಸು ಮಾತ್ರ ದೊಡ್ಡದು.

ವಿದೇಶದಿಂದ ಬಂದ ಯಂತ್ರವನ್ನು ಬೇಡವೆನ್ನಬೇಕಾಗಿಲ್ಲ. ಮಗ ಊರಿಗೆ ಮರಳುವ ಮುನ್ನ ಬಲ್ಲ ಕೆಲಸಗಾರನಿಂದ ಅದಕ್ಕೆ ತಕ್ಕ ರಿಲೇ, ಕಾಂಟ್ಯಾಕ್ಟರ್, ರಕ್ಷಣೆಗಳನ್ನು ಮಾಡಿಸಲಿ. ಅದು ಈ ಮನೆಗೆ ಹೊಂದದಿದ್ದರೆ ಬಲವಂತದಿಂದ ಹೊಂದಿಸದಿರಲಿ. ಎರಡು ದಿನ ಕುಳಿತು ತಂದೆಗೂ ತಾಯಿಗೂ ಅದರ ಗುಂಡಿಗಳನ್ನು ಕಲಿಸಿಕೊಡಲಿ. ಹೊರಡುವ ದಿನ ಎದುರು ಮನೆಯವರ ಬಾಗಿಲನ್ನು ತಟ್ಟಿ, ತನ್ನ ಫೋನ್ ನಂಬರನ್ನು ಅವರಿಗೆ ಕೊಟ್ಟು, "ಬಿಸಿಲಿನ ಹೊತ್ತಿನಲ್ಲಿ ಒಮ್ಮೆ ವಿಚಾರಿಸಿ" ಎಂದು ಕೇಳಿಕೊಂಡು ಹೋಗಲಿ. ಎಲ್ಲಕ್ಕಿಂತ ಮುಖ್ಯವಾದ ಜೋಡಣೆ ಅದೇ.